ನಕ್ಷೆಯ ದತ್ತಾಂಶದ ಆಮದು: ದಿನಗಳ ಕೆಲಸ ಗಂಟೆಗಳಲ್ಲಿ ಮುಗಿಯಬೇಕಾದರೆ

ಸರಕು ಕಳುಹಿಸುವ ಪ್ರತಿಯೊಬ್ಬ ವರ್ತಕರಿಗೂ ತಿಳಿದ ಸಂಗತಿಯೊಂದಿದೆ. ಬಿಲ್ಲಿನ ಮೇಲಿನ ವಿಳಾಸ ಬೇರೆ, ಲಾರಿ ನಿಲ್ಲಬೇಕಾದ ಜಾಗ ಬೇರೆ. ‘ಎಪಿಎಂಸಿ ಯಾರ್ಡಿನ ಹಿಂಭಾಗ’, ‘ಹಳೆ ಬಸ್ ನಿಲ್ದಾಣದ ಎದುರು’, ‘3ನೇ ಮೇನ್, 7ನೇ ಕ್ರಾಸ್’ ಎಂದು ಬರೆದರೆ ಊರಿನವರಿಗೆ ಸಾಕು. ಗಣಕಯಂತ್ರಕ್ಕೆ ಸಾಲದು, ಅದಕ್ಕೆ ಅಕ್ಷಾಂಶ ಮತ್ತು ರೇಖಾಂಶಗಳು ಬೇಕು. ಬರಹದಲ್ಲಿರುವ ವಿಳಾಸವನ್ನು ಅಕ್ಷಾಂಶ ರೇಖಾಂಶಗಳಿಗೆ ಪರಿವರ್ತಿಸುವ ಈ ಕಾರ್ಯಕ್ಕೆ ಜಿಯೋಕೋಡಿಂಗ್ ಎಂದು ಹೆಸರು. ಯಾವ ಅಂಗಡಿಗೆ ಯಾವ ವಾಹನ, ಯಾವ ಮಾರ್ಗವಾಗಿ, ಎಷ್ಟು ಡೀಸೆಲ್‌ನಲ್ಲಿ ಎಂಬ ಲೆಕ್ಕವೆಲ್ಲ ಆರಂಭವಾಗುವುದು ಇಲ್ಲಿಂದಲೇ.

ಈ ಸೇವೆಯನ್ನು ಪ್ರತಿ ವಿಚಾರಣೆಗೆ ಇಂತಿಷ್ಟು ಎಂದು ಹಣ ತೆತ್ತು ಪಡೆಯಬಹುದು. ಆದರೆ ಸಾವಿರಾರು ಗ್ರಾಹಕರಿರುವ ವಿತರಕರಿಗೆ ತಿಂಗಳ ಕೊನೆಯ ಮೊತ್ತ ಭಾರವೆನಿಸುತ್ತದೆ. ಆದುದರಿಂದಲೇ ಸ್ವಂತ ಯಂತ್ರದಲ್ಲಿ ಈ ವ್ಯವಸ್ಥೆಯನ್ನು ಸ್ಥಾಪಿಸಿಕೊಳ್ಳುವತ್ತ ಅನೇಕ ಸಣ್ಣ ಸಂಸ್ಥೆಗಳು ಆಲೋಚಿಸುತ್ತವೆ. ಆ ದಾರಿಯಲ್ಲಿ ಮೊದಲು ಎದುರಾಗುವ ಅಡ್ಡಿ ನಕ್ಷೆಯ ದತ್ತಾಂಶದ ಆಮದು. ಆಮದು ದಿನಗಟ್ಟಲೆ ನಡೆಯುತ್ತದೆ, ನಡುವೆ ಡಿಸ್ಕ್ ತುಂಬುತ್ತದೆ ಅಥವಾ ವಿದ್ಯುತ್ ಹೋಗುತ್ತದೆ, ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಕೊನೆಗೆ ಹೆಚ್ಚು ಬೆಲೆಯ ಯಂತ್ರ ಕೊಳ್ಳುವುದೇ ಪರಿಹಾರವೆಂಬ ತೀರ್ಮಾನಕ್ಕೆ ಬರಲಾಗುತ್ತದೆ. ಈ ತೀರ್ಮಾನ ಬಹುಮಟ್ಟಿಗೆ ತಪ್ಪು. ಆಮದಿನ ಅವಧಿಯನ್ನು ನಿರ್ಧರಿಸುವುದರಲ್ಲಿ ಯಂತ್ರದ ಬೆಲೆಗಿಂತ ಕೆಲಸದ ಜೋಡಣೆಯ ಪಾತ್ರ ದೊಡ್ಡದು.

ಮುಕ್ತ ನಕ್ಷೆ, ಸ್ವಂತ ಸಂಚಯ

2004ರಲ್ಲಿ ಬ್ರಿಟನ್ನಿನ ಸ್ಟೀವ್ ಕೋಸ್ಟ್ ಅವರು ಆರಂಭಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್, ಜಗತ್ತಿನ ಸ್ವಯಂಸೇವಕರು ಸೇರಿ ಕಟ್ಟುತ್ತಿರುವ ನಕ್ಷೆ. ಇದರ ದತ್ತಾಂಶವನ್ನು ಯಾರು ಬೇಕಾದರೂ ಇಳಿಸಿಕೊಂಡು ವ್ಯಾಪಾರಕ್ಕೂ ಬಳಸಬಹುದು. ಮೂಲವನ್ನು ಹೆಸರಿಸುವುದು, ಇದರಿಂದ ಸಿದ್ಧಪಡಿಸಿದ ದತ್ತಸಂಚಯವನ್ನು ಸಾರ್ವಜನಿಕವಾಗಿ ಬಳಕೆಗೆ ತಂದರೆ ಅದೇ ಪರವಾನಗಿಯಡಿ ಮುಕ್ತವಾಗಿಡುವುದು, ಇವು 2012ರಿಂದ ಜಾರಿಯಲ್ಲಿರುವ ಪರವಾನಗಿಯ ಮುಖ್ಯ ನಿಬಂಧನೆಗಳು.

ಈ ದತ್ತಾಂಶವನ್ನು ಆಧರಿಸಿ ವಿಳಾಸ ಹುಡುಕಿಕೊಡುವ ತಂತ್ರಾಂಶ ನಾಮಿನಾಟಿಮ್. ಇದೂ ಉಚಿತ, ಮುಕ್ತ. ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯ ವ್ಯವಸ್ಥೆ ಹಾಗೂ ಅದರ ಭೂಗೋಳ ವಿಸ್ತರಣೆಯಾದ ಪೋಸ್ಟ್‌ಜಿಐಎಸ್ ಇದಕ್ಕೆ ಆಧಾರ. ನಾಮಿನಾಟಿಮ್‌ನ ಸಾರ್ವಜನಿಕ ಸೇವೆಯೂ ಅಂತರಜಾಲದಲ್ಲಿದೆ. ಆದರೆ ಅದು ಸೆಕೆಂಡಿಗೆ ಒಂದು ವಿಚಾರಣೆಗೆ ಮಿತಿಗೊಳಿಸಿದ ಸೌಜನ್ಯದ ಸೇವೆ. ಸಗಟು ಬಳಕೆಗೆ ಉದ್ದೇಶಿಸಿದ್ದಲ್ಲ. ದೊಡ್ಡ ಪಟ್ಟಿ ಇರುವವರು ಸ್ವಂತ ದತ್ತಸಂಚಯ ಹೊಂದುವುದೇ ಯುಕ್ತ.

ಕಾಲ ಎಲ್ಲಿ ವ್ಯಯವಾಗುತ್ತದೆ?

ಆಮದಿನಲ್ಲಿ ಮುಖ್ಯವಾಗಿ ಎರಡು ಘಟ್ಟಗಳಿವೆ. ಮೊದಲನೆಯದು ಸರಕು ಇಳಿಸುವ ಘಟ್ಟ. ನಕ್ಷೆಯಲ್ಲಿ ಒಂದು ರಸ್ತೆಯೆಂದರೆ ಬಿಂದುಗಳ ಕ್ರಮಸಂಖ್ಯೆಗಳ ಸರಣಿ ಮಾತ್ರ. ಪ್ರತಿ ಬಿಂದು ಎಲ್ಲಿದೆ ಎಂಬುದು ಕಡತದ ಇನ್ನೊಂದು ಭಾಗದಲ್ಲಿರುತ್ತದೆ. ರಸ್ತೆಯ ಆಕಾರ ರಚಿಸಲು ಒಂದೊಂದು ಬಿಂದುವನ್ನೂ ಹುಡುಕಿ ತರಬೇಕು.

ಎರಡನೆಯದು ವಿಳಾಸ ಜೋಡಿಸುವ ಘಟ್ಟ. ಯಾವ ರಸ್ತೆ ಯಾವ ಬಡಾವಣೆಗೆ, ಯಾವ ಊರು ಯಾವ ತಾಲ್ಲೂಕಿಗೆ, ಯಾವ ತಾಲ್ಲೂಕು ಯಾವ ಜಿಲ್ಲೆಗೆ ಸೇರಿದೆ ಎಂಬುದನ್ನು ಗಡಿರೇಖೆಗಳೊಂದಿಗೆ ಹೋಲಿಸಿ ನಿರ್ಣಯಿಸಲಾಗುತ್ತದೆ. ರಾಣೆಬೆನ್ನೂರಿನ ಒಂದು ಅಂಗಡಿಗೆ ‘ಹಾವೇರಿ ಜಿಲ್ಲೆ, ಕರ್ನಾಟಕ’ ಎಂಬ ಪೂರ್ಣ ವಿಳಾಸ ದೊರೆಯುವುದು ಈ ಘಟ್ಟದಲ್ಲಿ. ದೇಶ, ರಾಜ್ಯಗಳಿಂದ ಆರಂಭಿಸಿ ರಸ್ತೆಗಳನ್ನು ಹಾದು ಮನೆ, ಅಂಗಡಿಗಳವರೆಗೆ ಶ್ರೇಣಿಯ ಕ್ರಮದಲ್ಲಿ ಕೆಲಸ ಸಾಗುತ್ತದೆ. ಕೊನೆಯ ಶ್ರೇಣಿಯ ಸಂಖ್ಯೆ 30. ಹೆಚ್ಚಿನ ಸಮಯವನ್ನು ತೆಗೆದುಕೊಳ್ಳುವುದು ಈ ಎರಡನೆಯ ಘಟ್ಟವೇ.

ಇಡೀ ಜಗತ್ತಿನ ದತ್ತಾಂಶಕ್ಕೆ 128 ಗಿಗಾಬೈಟ್ ರ‍್ಯಾಮ್ ಮತ್ತು ಸುಮಾರು 1 ಟೆರಾಬೈಟ್ ಡಿಸ್ಕ್ ಬೇಕೆಂದು ನಾಮಿನಾಟಿಮ್‌ನ ಕೈಪಿಡಿ ಹೇಳುತ್ತದೆ. ಸುಸಜ್ಜಿತ ಯಂತ್ರದಲ್ಲಿಯೂ ಈ ಕೆಲಸಕ್ಕೆ ಎರಡೂವರೆ ದಿನ ಹಿಡಿಯುತ್ತದೆ. ಈ ಅಂಕಿಗಳನ್ನು ಕಂಡು ಕೈಬಿಟ್ಟವರು ಹಲವರು. ಆದರೆ ದಾವಣಗೆರೆಯ ವಿತರಕರಿಗೆ ಬ್ರೆಜಿಲ್ ದೇಶದ ಬೀದಿಗಳಿಂದ ಏನು ಪ್ರಯೋಜನ?

ಬೇಕಾದಷ್ಟೇ ತರುವುದು

ಆಮದನ್ನು ಚುರುಕುಗೊಳಿಸುವ ಮೊದಲ ಉಪಾಯ ಇದೇ. ಜರ್ಮನಿಯ ಕಾರ್ಲ್ಸ್‌ರೂಹೆ ನಗರದ ಜಿಯೋಫ್ಯಾಬ್ರಿಕ್ ಸಂಸ್ಥೆಯು ಓಪನ್‌ಸ್ಟ್ರೀಟ್‌ಮ್ಯಾಪ್ ದತ್ತಾಂಶವನ್ನು ದೇಶವಾರು ವಿಂಗಡಿಸಿ ಪ್ರತಿದಿನ ಉಚಿತವಾಗಿ ಒದಗಿಸುತ್ತದೆ. ಭಾರತಕ್ಕೆ ಪ್ರತ್ಯೇಕ ಕಡತವಿದೆ. ದಕ್ಷಿಣ ವಲಯ, ಪಶ್ಚಿಮ ವಲಯ ಮುಂತಾದ ಉಪವಿಭಾಗಗಳೂ ಇವೆ. ವ್ಯವಹಾರ ದಕ್ಷಿಣದ ರಾಜ್ಯಗಳಿಗೆ ಸೀಮಿತವಾಗಿದ್ದಲ್ಲಿ ದಕ್ಷಿಣ ವಲಯದ ಕಡತವೊಂದೇ ಸಾಕು. ಬೆಳಗಾವಿಯಿಂದ ಕೊಲ್ಹಾಪುರಕ್ಕೂ ಸರಕು ಹೋಗುವುದಾದರೆ ಪಶ್ಚಿಮ ವಲಯವನ್ನೂ ಸೇರಿಸಿಕೊಳ್ಳಬೇಕು. ಓಸ್ಮಿಯಂ ಎಂಬ ಉಪಕರಣದಿಂದ ಇನ್ನೂ ಚಿಕ್ಕ ಪ್ರದೇಶವನ್ನು ಕತ್ತರಿಸಿ ತೆಗೆಯಲು ಸಾಧ್ಯ. ಕತ್ತರಿಸುವಾಗ ಗಡಿರೇಖೆಗಳು ತುಂಡಾದರೆ ಅಂಚಿನ ಊರುಗಳ ಜಿಲ್ಲೆಯ ಹೆಸರೇ ತಪ್ಪಿಹೋಗುತ್ತದೆ. ಆದಕಾರಣ ಬೇಕಾದುದಕ್ಕಿಂತ ತುಸು ಅಗಲವಾಗಿಯೇ ಕತ್ತರಿಸುವುದು ಕ್ಷೇಮ.

ವಿವರದ ಪ್ರಮಾಣವನ್ನೂ ತಗ್ಗಿಸಬಹುದು. ಆಡಳಿತ ಗಡಿಗಳು ಮಾತ್ರ, ರಸ್ತೆಗಳವರೆಗೆ, ಮನೆ ವಿಳಾಸಗಳವರೆಗೆ, ಸಂಪೂರ್ಣ ಎಂಬ ಆಮದಿನ ಮಾದರಿಗಳನ್ನು ನಾಮಿನಾಟಿಮ್ ಒದಗಿಸುತ್ತದೆ. ಜಗತ್ತಿನ ದತ್ತಾಂಶಕ್ಕೆ ಸಂಪೂರ್ಣ ಮಾದರಿ ಎರಡು ದಿನಗಳಿಗೂ ಮೀರಿದರೆ, ಆಡಳಿತ ಗಡಿಗಳ ಮಾದರಿ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಯಾವ ಗ್ರಾಹಕ ಯಾವ ತಾಲ್ಲೂಕಿನವನೆಂಬುದಷ್ಟೇ ಬೇಕಾದ ಮಾರಾಟ ವಿಭಾಗಕ್ಕೆ ಅಷ್ಟು ಸಾಕು. ಹೆಸರುಗಳ ಭಾಷೆಗೂ ಇದೇ ಮಾತು ಅನ್ವಯಿಸುತ್ತದೆ. ಕನ್ನಡ, ಇಂಗ್ಲಿಷ್ ಹಾಗೂ ವ್ಯವಹಾರಕ್ಕೆ ಬೇಕಾದ ನೆರೆಯ ಭಾಷೆಗಳನ್ನಷ್ಟೇ ಆರಿಸಿದರೆ ಹುಡುಕಾಟದ ಸೂಚಿ ಹಗುರವಾಗುತ್ತದೆ.

ದಾಸ್ತಾನು ಕೈಗೆಟುಕುವಲ್ಲಿರಲಿ

ಎರಡನೆಯ ಉಪಾಯ ಡಿಸ್ಕ್ ಮತ್ತು ರ‍್ಯಾಮ್‌ಗೆ ಸಂಬಂಧಿಸಿದ್ದು. ನಿಮಿಷಕ್ಕೆ 7,200 ಸುತ್ತು ತಿರುಗುವ ಹಳೆಯ ಬಗೆಯ ಡಿಸ್ಕ್, ಚದುರಿದ ಸ್ಥಳಗಳಿಂದ ಸೆಕೆಂಡಿಗೆ ಸುಮಾರು 100 ಬಾರಿ ಮಾತ್ರ ಮಾಹಿತಿ ಹೆಕ್ಕಿ ತರಬಲ್ಲದು. ಒಂದು ಕೋಟಿ ಬಿಂದುಗಳನ್ನು ಹೀಗೆ ಒಂದೊಂದಾಗಿ ತರಬೇಕಾದರೆ 1 ಲಕ್ಷ ಸೆಕೆಂಡು, ಅಂದರೆ ಸುಮಾರು 28 ಗಂಟೆ ಬೇಕು. ಅದೇ ಬಿಂದುಗಳು ರ‍್ಯಾಮ್‌ನಲ್ಲಿದ್ದರೆ ಕೆಲವು ಸೆಕೆಂಡುಗಳ ಕೆಲಸ. ಗೋದಾಮಿನ ಮೂಲೆಯಿಂದ ಒಂದೊಂದು ಮೊಳೆಯನ್ನು ತರುವುದಕ್ಕೂ ಗಲ್ಲಾಪೆಟ್ಟಿಗೆಯ ಪಕ್ಕದ ಡಬ್ಬಿಯಿಂದ ತೆಗೆದುಕೊಡುವುದಕ್ಕೂ ಇರುವ ಅಂತರವಿದು.

ಆದುದರಿಂದ ಬಿಂದುಗಳಿಗಾಗಿ ರ‍್ಯಾಮ್‌ನಲ್ಲಿ ಪ್ರತ್ಯೇಕ ಜಾಗ ಕಾದಿರಿಸಬೇಕು. ಆಮದಾಗುವ ಕಡತದ ಗಾತ್ರದಷ್ಟೇ ಜಾಗ ಎಂಬುದು ಸರಳ ಅಂದಾಜು. ಖಂಡದಷ್ಟು ದೊಡ್ಡ ಪ್ರದೇಶವಾದರೆ ಬಿಂದುಗಳನ್ನು ಡಿಸ್ಕಿನ ಒಂದೇ ವಿಶೇಷ ಕಡತದಲ್ಲಿ ಸಾಲಾಗಿ ಇಡುವ ವಿಧಾನ ಲಾಭಕರ. ಒಂದೆರಡು ರಾಜ್ಯಗಳ ದತ್ತಾಂಶಕ್ಕೆ ಆ ವಿಧಾನ ಸಲ್ಲದು. ಹಣ ಖರ್ಚು ಮಾಡಲೇಬೇಕಾದಲ್ಲಿ ಮೊದಲು ಎನ್‌ವಿಎಂಇ ಮಾದರಿಯ ವೇಗದ ಡಿಸ್ಕಿಗೆ, ಆನಂತರ ರ‍್ಯಾಮ್‌ಗೆ, ಕೊನೆಗೆ ಪ್ರೊಸೆಸರ್‌ಗೆ ಎಂಬ ಕ್ರಮವನ್ನು ಅನುಸರಿಸಬಹುದು.

ಪೋಸ್ಟ್‌ಗ್ರೆಸ್‌ನ ಮೂಲ ಹೊಂದಿಕೆಗಳನ್ನು ಅತಿ ಸಣ್ಣ ಯಂತ್ರದಲ್ಲಿಯೂ ನಡೆಯುವಂತೆ ಇರಿಸಲಾಗಿದೆ. ಸೂಚಿಗಳನ್ನು ಕಟ್ಟಲು ಅದು ಬಳಸುವ ಸ್ಮೃತಿ ಮೊದಲಿಗೆ 64 ಮೆಗಾಬೈಟ್ ಮಾತ್ರ. ದೊಡ್ಡ ಯಂತ್ರಗಳಿಗೆ ಕೈಪಿಡಿ ಸೂಚಿಸುವ ಪ್ರಮಾಣ 10 ಗಿಗಾಬೈಟ್. 16 ಗಿಗಾಬೈಟ್ ರ‍್ಯಾಮ್ ಇರುವವರು ಅದೇ ಅನುಪಾತದಲ್ಲಿ ಇಳಿಸಿಕೊಂಡು ಒಂದೆರಡು ಗಿಗಾಬೈಟ್ ಕೊಟ್ಟರೂ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ಹೊಸ ಯಂತ್ರ ಕೊಂಡು ಈ ಅಂಕಿಯನ್ನು ಬದಲಿಸದೆ ಬಿಟ್ಟರೆ ಕೊಟ್ಟ ಹಣದ ಬಹುಪಾಲು ನಿರುಪಯುಕ್ತ.

ಕಿರ್ದಿಗೆ ಬಿಡುವು, ಎಚ್ಚರಿಕೆಯೊಡನೆ

ಮೂರನೆಯ ಉಪಾಯ ಹೆಚ್ಚು ಫಲ ಕೊಡುವಂಥದು. ಹೆಚ್ಚು ಅಪಾಯದ್ದೂ ಹೌದು. ಅಂಗಡಿಯ ಲೆಕ್ಕದಲ್ಲಿ ಮೊದಲು ಕಿರ್ದಿ, ಆಮೇಲೆ ಖಾತೆ. ಪೋಸ್ಟ್‌ಗ್ರೆಸ್ ಸಹ ಪ್ರತಿ ಬದಲಾವಣೆಯನ್ನು ಮೊದಲು ತನ್ನ ಕಿರ್ದಿಯಲ್ಲಿ ಬರೆದು, ಅದು ಡಿಸ್ಕಿಗೆ ನಿಜಕ್ಕೂ ಇಳಿಯಿತೆಂದು ಖಾತ್ರಿಪಡಿಸಿಕೊಂಡು ಮುಂದುವರಿಯುತ್ತದೆ. ಐದು ನಿಮಿಷಕ್ಕೊಮ್ಮೆಯಾದರೂ ಕಿರ್ದಿಯನ್ನೂ ಖಾತೆಯನ್ನೂ ತಾಳೆ ಹಾಕುತ್ತದೆ. ದಿನನಿತ್ಯದ ವ್ಯವಹಾರದಲ್ಲಿ ಇದು ಅತ್ಯಗತ್ಯ. ಕೋಟ್ಯಂತರ ದಾಖಲೆಗಳನ್ನು ಒಮ್ಮೆಗೇ ತುಂಬುವಾಗ ಮಾತ್ರ ಇದೇ ದೊಡ್ಡ ತಡೆಯಾಗುತ್ತದೆ.

ತಾಳೆಯ ಅವಧಿಯನ್ನು ಒಂದು ಗಂಟೆಯವರೆಗೆ ಹಿಗ್ಗಿಸುವುದು ಮೊದಲ ಮೆಟ್ಟಿಲು. ಪ್ರತಿ ನಮೂದಿಗೂ ಖಾತ್ರಿಗಾಗಿ ಕಾಯದಿರುವಂತೆ ಸಿಂಕ್ರನಸ್ ಕಮಿಟ್ ಎಂಬ ಹೊಂದಿಕೆಯನ್ನು ನಿಲ್ಲಿಸುವುದು ಎರಡನೆಯದು. ಈ ಎರಡರಲ್ಲಿ ವಿದ್ಯುತ್ ಹೋದರೆ ಕೊನೆಯ ಕ್ಷಣಗಳ ನಮೂದುಗಳು ನಷ್ಟವಾದಾವು, ಪುಸ್ತಕ ಕೆಡುವುದಿಲ್ಲ. ಎಫ್‌ಸಿಂಕ್ ಎಂಬ ಹೊಂದಿಕೆಯನ್ನೇ ನಿಲ್ಲಿಸುವುದು ಮೂರನೆಯ ಮೆಟ್ಟಿಲು. ಆಗ ವೇಗ ಮತ್ತಷ್ಟು ಏರುತ್ತದೆಯಾದರೂ ವಿದ್ಯುತ್ ಕಡಿತವಾದರೆ ಇಡೀ ದತ್ತಸಂಚಯ ಕೆಟ್ಟು, ಆಮದನ್ನು ಮೊದಲಿನಿಂದ ಆರಂಭಿಸಬೇಕಾಗಬಹುದು.

ನಕ್ಷೆಯ ಮೂಲ ಕಡತ ಮತ್ತೆ ಸಿಗುವಂಥದು. ಹಾಗಾಗಿ ಯುಪಿಎಸ್ ಇರುವೆಡೆ ಪ್ರಥಮ ಆಮದಿಗೆ ಮಾತ್ರ ಈ ಸಾಹಸ ಕ್ಷಮ್ಯ. ಎರಡು ನಿಯಮಗಳನ್ನು ಮಾತ್ರ ಮೀರಬಾರದು. ಬಿಲ್ಲು, ದಾಸ್ತಾನು, ಜಿಎಸ್‌ಟಿ ಲೆಕ್ಕಗಳಿರುವ ಪೋಸ್ಟ್‌ಗ್ರೆಸ್ ವ್ಯವಸ್ಥೆಯಲ್ಲಿಯೇ ನಕ್ಷೆಯನ್ನು ತುಂಬಿ ಈ ಹೊಂದಿಕೆಯನ್ನು ನಿಲ್ಲಿಸಕೂಡದು, ಏಕೆಂದರೆ ಅದು ಅಲ್ಲಿರುವ ಎಲ್ಲ ಲೆಕ್ಕಗಳಿಗೂ ಅನ್ವಯಿಸುತ್ತದೆ. ನಕ್ಷೆ ಮತ್ತೆ ಸಿಕ್ಕೀತು, ಕಳೆದ ವರ್ಷದ ಬಿಲ್ಲುಗಳು ಸಿಗಲಾರವು. ಆಮದು ಮುಗಿದೊಡನೆ ಹೊಂದಿಕೆಯನ್ನು ಮರಳಿ ಚಾಲನೆಗೊಳಿಸುವುದು ಎರಡನೆಯ ನಿಯಮ. ಈ ಕೆಲಸವನ್ನು ತಂತ್ರಜ್ಞರ ನೆನಪಿಗೆ ಬಿಡದೆ, ಕೆಲಸ ಒಪ್ಪಿಸಿಕೊಳ್ಳುವಾಗ ಮಾಲೀಕರೇ ಕೇಳಿ ಖಚಿತಪಡಿಸಿಕೊಳ್ಳಬೇಕು.

ಎಷ್ಟು ಕೈಗಳು?

ವಿಳಾಸ ಜೋಡಣೆಯಲ್ಲಿ ಒಂದೇ ಶ್ರೇಣಿಯ ದಾಖಲೆಗಳನ್ನು ಹಲವು ಕೋರ್‌ಗಳು ಹಂಚಿಕೊಂಡು ಏಕಕಾಲದಲ್ಲಿ ಪೂರೈಸಬಲ್ಲವು. ಹಾಗೆಂದು ಕೋರ್‌ಗಳ ಸಂಖ್ಯೆಗಿಂತ ಹೆಚ್ಚು ಕೆಲಸಗಳನ್ನು ಒಮ್ಮೆಗೇ ಹಚ್ಚಿದರೆ ಲಾಭವಿಲ್ಲ. ಒಂದೇ ಲೇತ್ ಯಂತ್ರದ ಮುಂದೆ ಐವರು ಕುಶಲಕರ್ಮಿಗಳನ್ನು ನಿಲ್ಲಿಸಿದಂತೆ, ಡಿಸ್ಕಿನ ಮುಂದೆ ಸರತಿ ಬೆಳೆಯುತ್ತದೆ ಅಷ್ಟೆ.

ಈ ಘಟ್ಟದಲ್ಲಿ ಕೆಲಸ ನಿಂತುಹೋದರೆ, ದತ್ತಸಂಚಯ ಕೆಡದೆ ಉಳಿದಿದ್ದಲ್ಲಿ, ನಿಂತಲ್ಲಿಂದಲೇ ಮುಂದುವರಿಸುವ ಆಜ್ಞೆ ನಾಮಿನಾಟಿಮ್‌ನಲ್ಲಿದೆ. ಇದನ್ನು ಅರಿಯದೆ ಮತ್ತೆ ಮೊದಲಿನಿಂದ ಆರಂಭಿಸಿ ದಿನಗಳನ್ನು ಕಳೆಯಬೇಕಾಗಿಲ್ಲ.

ದೊಡ್ಡ ಯಂತ್ರವನ್ನು ಕೊಳ್ಳಲೇಬೇಕೆಂದೂ ಇಲ್ಲ. ಆಮದಿಗೆ ಬೇಕಾದಷ್ಟು ಬಲ ದಿನನಿತ್ಯದ ಹುಡುಕಾಟಕ್ಕೆ ಬೇಡ. ಹೆಚ್ಚು ರ‍್ಯಾಮ್ ಇರುವ ಯಂತ್ರವನ್ನು ಒಂದೆರಡು ದಿನಗಳ ಮಟ್ಟಿಗೆ ಬಾಡಿಗೆಗೆ ಪಡೆದು ಆಮದು ಮುಗಿಸಿ, ಸಿದ್ಧವಾದ ದತ್ತಸಂಚಯವನ್ನು ಕಚೇರಿಯ ಯಂತ್ರಕ್ಕೆ ವರ್ಗಾಯಿಸಬಹುದು. ಎರಡೂ ಕಡೆ ತಂತ್ರಾಂಶಗಳ ಆವೃತ್ತಿ ಒಂದೇ ಆಗಿರುವಂತೆ ನೋಡಿಕೊಳ್ಳಬೇಕು.

ಆಮದಾದ ಮೇಲೆ

ನಕ್ಷೆ ಪ್ರತಿದಿನ ಬದಲಾಗುತ್ತದೆ. ದಿನದಿನದ ಬದಲಾವಣೆಗಳನ್ನು ಸೇರಿಸುತ್ತ ಹೋಗಬಹುದು. ಅದಕ್ಕೆ ಹೆಚ್ಚುವರಿ ಕೋಷ್ಟಕಗಳನ್ನು ಉಳಿಸಿಕೊಳ್ಳಬೇಕು. ಸಣ್ಣ ಪ್ರದೇಶದ ಬಳಕೆದಾರರಿಗೆ ಇದಕ್ಕಿಂತ ಸರಳವಾದ ಮಾರ್ಗ, ತಿಂಗಳಿಗೊಮ್ಮೆ ಭಾನುವಾರ ಹೊಸದಾಗಿ ಆಮದು ಮಾಡಿಕೊಳ್ಳುವುದು. ಹಳೆಯ ದತ್ತಸಂಚಯ ಸೇವೆಯಲ್ಲಿರುವಾಗಲೇ ಹೊಸದನ್ನು ಬೇರೆ ಹೆಸರಿನಲ್ಲಿ ಕಟ್ಟಿ, ಪರೀಕ್ಷಿಸಿ, ಅನಂತರ ಬದಲಿಸಬೇಕು. ಹೀಗೆ ಮಾಡುವವರು ಬದಲಾವಣೆಗೆ ಬೇಕಾದ ಕೋಷ್ಟಕಗಳನ್ನು ತೆಗೆದುಹಾಕಬಹುದು. ಜಗತ್ತಿನ ಸಂಪೂರ್ಣ ದತ್ತಾಂಶದಲ್ಲಿ ಈ ಒಂದು ಕ್ರಮದಿಂದಲೇ ಗಾತ್ರ ಸುಮಾರು ಅರ್ಧಕ್ಕಿಳಿಯುತ್ತದೆ.

ವೇಗದಿಂದ ದೊರೆಯದ್ದು

ಆಮದು ಎಷ್ಟೇ ಚುರುಕಾದರೂ ನಕ್ಷೆಯಲ್ಲಿ ಇಲ್ಲದ ವಿಳಾಸ ಹುಡುಕಾಟದಲ್ಲಿ ಸಿಗದು. ನಮ್ಮ ದೇಶದ ಮಟ್ಟಿಗೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಮನೆ ಸಂಖ್ಯೆಗಳು ವಿರಳ. ಆದಕಾರಣ ರಸ್ತೆ ಅಥವಾ ಬಡಾವಣೆಯವರೆಗಿನ ನಿಖರತೆಯನ್ನು ಮಾತ್ರ ನಿರೀಕ್ಷಿಸಬೇಕು. 1972ರಿಂದ ಬಳಕೆಯಲ್ಲಿರುವ ಆರು ಅಂಕಿಗಳ ಪಿನ್ ಕೋಡ್‌ಗಳ ಪಟ್ಟಿ ಅಕ್ಷಾಂಶ ರೇಖಾಂಶಗಳೊಡನೆ ಲಭ್ಯವಿದ್ದರೆ, ಆಮದಿನ ವೇಳೆಯಲ್ಲಿ ಅದನ್ನೂ ಸೇರಿಸಿಕೊಳ್ಳಲು ನಾಮಿನಾಟಿಮ್‌ನಲ್ಲಿ ಅವಕಾಶವಿದೆ. ಅಂಚೆ ಇಲಾಖೆ 2025ರಲ್ಲಿ ಜಾರಿಗೆ ತಂದ ಡಿಜಿಪಿನ್, ಸುಮಾರು ನಾಲ್ಕು ಮೀಟರ್ ಉದ್ದಗಲದ ಪ್ರತಿ ಚೌಕಕ್ಕೂ ಹತ್ತು ಅಕ್ಷರಾಂಕಗಳ ಗುರುತು ನೀಡುತ್ತದೆ. ಗ್ರಾಹಕರು ಅದನ್ನು ತಿಳಿಸಿದಲ್ಲಿ ದತ್ತಸಂಚಯದ ನೆರವಿಲ್ಲದೆ ಲೆಕ್ಕದಿಂದಲೇ ಸ್ಥಳ ತಿಳಿಯುತ್ತದೆ.

ಹೊಸದಾಗಿ ಆರಂಭಿಸುವವರು ಒಂದು ಜಿಲ್ಲೆಯ ದತ್ತಾಂಶವನ್ನು ಮಾತ್ರ ಆಮದು ಮಾಡಿ, ತಮ್ಮದೇ ಗ್ರಾಹಕರ ನೂರು ವಿಳಾಸಗಳನ್ನು ಹುಡುಕಿಸಿ ನೋಡುವುದು ಲೇಸು. ಎಷ್ಟು ಸಿಕ್ಕವು, ಎಷ್ಟು ತಪ್ಪಿದವು ಎಂಬ ಎಣಿಕೆಯ ಮೇಲೆ ಮುಂದಿನ ಬಂಡವಾಳವನ್ನು ನಿರ್ಧರಿಸಬಹುದು. ತಪ್ಪಿದ ವಿಳಾಸಗಳನ್ನು ನಕ್ಷೆಗೆ ಸೇರಿಸುವ ಹಕ್ಕು ಎಲ್ಲರಿಗೂ ಇದೆ. ಕೈಗಾರಿಕಾ ವಸಾಹತಿನ ಒಬ್ಬೊಬ್ಬ ಉದ್ದಿಮೆದಾರರೂ ತಮ್ಮ ಕಾರ್ಖಾನೆಯ ಹೆಸರನ್ನೂ ಅದರ ಮುಂದಿನ ರಸ್ತೆಯ ಹೆಸರನ್ನೂ ನಕ್ಷೆಯಲ್ಲಿ ನಮೂದಿಸಿದರೆ, ಮುಂದಿನ ತಿಂಗಳ ಆಮದಿನಲ್ಲಿ ಅವು ಎಲ್ಲರ ದತ್ತಸಂಚಯಕ್ಕೂ ಬಂದು ಸೇರುತ್ತವೆ.