ಹುಡುಕಿದರೆ ನಮ್ಮೂರು ಸಿಕ್ಕೀತೇ?

ಇಂಡಿ ತಾಲೂಕಿನಲ್ಲಿ ನನ್ನ ಸೋದರಮಾವನವರಿಗೆ ಎರಡೆಕರೆ ಲಿಂಬೆಯ ತೋಟವೂ ಅದರ ಮಗ್ಗುಲಲ್ಲಿ ಚಿಕ್ಕದೊಂದು ಸಸಿಮಡಿಯೂ ಉಂಟು. ಕಳೆದ ವರ್ಷ ಅವರು ಪೇಟೆಯ ಒಬ್ಬ ಗೃಹಸ್ಥನಿಗೆ ಎಂಟು ಸಾವಿರ ರೂಪಾಯಿ ಕೊಟ್ಟು, ಸಸಿಗಳ ಮಾರಾಟದ ಸಲುವಾಗಿ ಒಂದು ಜಾಲತಾಣವನ್ನು ಮಾಡಿಸಿದರು. "ಗೂಗಲ್ಲಿನಲ್ಲಿ ಮೊದಲನೆಯ ಸ್ಥಾನ ಖಾತ್ರಿ" ಎಂದು ಆ ಗೃಹಸ್ಥನು ಮಾತು ಕೊಟ್ಟಿದ್ದನಂತೆ. ಆರು ತಿಂಗಳಾದರೂ ಒಂದು ಫೋನು ಬರಲಿಲ್ಲ. ದೀಪಾವಳಿಯ ರಜೆಗೆ ಹೋದಾಗ ಮಾವನವರು ಮೊಬೈಲನ್ನು ನನ್ನ ಕೈಗಿತ್ತು, "ನೀ ಕಾಲೇಜು ಕಲಿಯಾಂವ. ನಮ್ಮ ಲಿಂಬಿ ಅಗಿ ಇದರಾಗ ಯಾಕ ಕಾಣಂಗಿಲ್ಲ, ಹೇಳಪಾ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಮುಂದೆ ನಾಲ್ಕೈದು ತಿಂಗಳು ಗೆಳೆಯರ ಸಂಗಡ ಈ ವಿಷಯದ ಬೆನ್ನು ಹತ್ತಿ ತಿಳಿದುಕೊಂಡುದನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಹುಡುಕುಯಂತ್ರವು ನಾವು ಕೇಳಿದ ಕ್ಷಣದಲ್ಲಿ ಲೋಕವನ್ನೆಲ್ಲ ಸುತ್ತಿ ಬರುತ್ತದೆಂದು ನಾನು ಭಾವಿಸಿದ್ದೆನು. ಹಾಗಲ್ಲ. ಅದು ಮೊದಲೇ ಪುಟದಿಂದ ಪುಟಕ್ಕೆ ಕೊಂಡಿಗಳನ್ನು ಹಿಡಿದು ಅಲೆದು, ಯಾವ ಪದ ಯಾವ ಯಾವ ಪುಟಗಳಲ್ಲಿದೆ ಎಂಬ ಸೂಚಿಯನ್ನು ಕಟ್ಟಿಟ್ಟುಕೊಂಡಿರುತ್ತದೆ. ದೊಡ್ಡ ಗ್ರಂಥಗಳ ಕೊನೆಯಲ್ಲಿ ಅಕಾರಾದಿಯಾಗಿ ಪದಸೂಚಿ ಇರುತ್ತದಷ್ಟೆ, ಇದೂ ಅದೇ ಬಗೆ. ನಾವು ಕೇಳಿದಾಗ ಅದು ನೋಡುವುದು ಈ ಸೂಚಿಯನ್ನು. ಸೂಚಿಯಲ್ಲಿ ಸೇರದ ಪುಟಕ್ಕೆ ಮೊದಲನೆಯ ಸ್ಥಾನವೂ ಇಲ್ಲ, ಸಾವಿರದ ಸ್ಥಾನವೂ ಇಲ್ಲ.

ಮಾವನವರ ತಾಣದ ಅವಸ್ಥೆ ಇದೇ ಆಗಿತ್ತು. ಹೆಸರು, ಬೆಲೆ, ವಿಳಾಸ ಎಲ್ಲವೂ ಬಣ್ಣಬಣ್ಣದ ಒಂದು ಚಿತ್ರದೊಳಗೆ. ಚಿತ್ರದಲ್ಲಿರುವ ಅಕ್ಷರಗಳನ್ನು ಯಂತ್ರಗಳು ಈಗೀಗ ಅಷ್ಟಿಷ್ಟು ಓದಬಲ್ಲವಾದರೂ ಅದನ್ನೇ ನೆಚ್ಚಿ ಕೂಡ್ರುವಂತಿಲ್ಲ. ಚಿತ್ರದ ಕೆಳಗಿದ್ದ ನಾಲ್ಕು ಸಾಲುಗಳಾದರೋ ಹಳೆಯ ನುಡಿ ಅಕ್ಷರಗಳಲ್ಲಿದ್ದವು. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಮ್ಮ ಎಷ್ಟೋ ಬರಹ ಮಣ್ಣುಪಾಲಾದುದು ಇಲ್ಲಿಯೇ. ಆ ಹಳೆಯ ಅಕ್ಷರಗಳನ್ನು ಇಂಗ್ಲಿಷ್ ಮುಂತಾದ ಯುರೋಪಿನ ಲಿಪಿಗಳ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂಡ್ರಿಸಿ ಮಾಡಿದ್ದರು. ನಮ್ಮ ಕಣ್ಣಿಗೆ "ಕನ್ನಡ" ಎಂದು ತೋರುವಲ್ಲಿ ಯಂತ್ರಕ್ಕೆ ಕಾಣುವುದು ಇಂಗ್ಲಿಷಿನ ದೊಡ್ಡ "ಪಿ", ತಲೆಯ ಮೇಲೆ ಗೀಟುಳ್ಳ "ಎ", ಪೌಂಡ್ ನಾಣ್ಯದ ಗುರುತು, ಜರ್ಮನರದೊಂದು ಅಕ್ಷರ! ಇದನ್ನು ಅದು ಕನ್ನಡವೆಂದು ತಿಳಿಯುವುದೆಂತು? ಯುನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಮನೆ 1991ರಲ್ಲಿಯೇ ದೊರೆತಿದೆ, ನುಡಿಯಲ್ಲಿಯೂ ಈಗ ಯುನಿಕೋಡ್ ಉಂಟು. ಆದರೂ ರೂಢಿ ಬಿಡದು. ನಾವು ಮಾಡಿದ ಮೊದಲ ಕೆಲಸವೆಂದರೆ ಪುಟವನ್ನೆಲ್ಲ ಯುನಿಕೋಡಿನಲ್ಲಿ ಮತ್ತೆ ಬರೆದುದು.

ಪುಟ ಸೂಚಿಗೆ ಸೇರಿತು, ಆದರೆ ಜನ ಬರಲಿಲ್ಲ. ತಾಣದ ಒಡೆಯರಿಗೆ ಗೂಗಲ್ಲಿನವರು ಸರ್ಚ್ ಕನ್ಸೋಲ್ ಎಂಬ ಒಂದು ಲೆಕ್ಕದ ಪುಸ್ತಕವನ್ನು ಉಚಿತವಾಗಿ ಕೊಡುತ್ತಾರೆ. ಯಾವ ಪದಗಳಿಂದ ಹುಡುಕಿದವರಿಗೆ ನಮ್ಮ ಪುಟ ಕಂಡಿತೆಂಬುದು ಅದರಲ್ಲಿ ತಿಳಿಯುತ್ತದೆ. ನಾವು ಬರೆದುದು "ನಿಂಬೆ ಸಸಿ." ನಮ್ಮ ಸೀಮೆಯವರು ಬರೆಯುವಾಗ "ಲಿಂಬೆ" ಎಂದೂ ಆಡುವಾಗ "ಲಿಂಬಿ" ಎಂದೂ ಅನ್ನುತ್ತಾರೆ, ಸಸಿಗೆ "ಅಗಿ" ಎನ್ನುತ್ತಾರೆ. ಮೊಬೈಲಿಗೆ ಬಾಯಿಂದಲೇ ಹೇಳಿ ಹುಡುಕುವ ರೈತನ ಮಾತು ಪಠ್ಯಪುಸ್ತಕದ ಮಾತಾಗಿರುವುದಿಲ್ಲ. ಮಾವನವರ ಬಾಯಲ್ಲಿ ಮೊದಲ ದಿನವೇ ಬಂದ ಶಬ್ದವನ್ನು ಹಿಡಿಯಲು ನಮಗೆ ಎರಡು ತಿಂಗಳು ಹಿಡಿದವು. ವಿದ್ಯಾವಂತರಾದ ದೋಷವಿದು.

ಊರ ಹೆಸರುಗಳ ತೊಡಕೂ ಸಣ್ಣದಲ್ಲ. 2014ರ ನವೆಂಬರ್ 1ರಿಂದ ಬಿಜಾಪುರವು ವಿಜಯಪುರವಾಯಿತು. ಹಳೆಯ ಹೆಸರಿನಿಂದ ಹುಡುಕಿದರೆ ಛತ್ತೀಸಗಡದ ಬಿಜಾಪುರ ಜಿಲ್ಲೆ ಅಡ್ಡ ಬರುತ್ತದೆ. ಹೊಸ ಹೆಸರಿನಿಂದ ಹುಡುಕಿದರೆ ದೇವನಹಳ್ಳಿ ತಾಲೂಕಿನ ವಿಜಯಪುರ. ಬರಿಯ ಬಾಗೇವಾಡಿ ಎಂದರೆ ಬೆಳಗಾವಿಯ ಕಡೆಯ ಹಿರೇಬಾಗೇವಾಡಿಯೂ ಎದ್ದು ನಿಲ್ಲುವುದರಿಂದ ಬಸವನ ಬಾಗೇವಾಡಿ ಎಂದು ಪೂರ್ತಿಯಾಗಿ ಬರೆಯಬೇಕು. ಸಿಂದಗಿಯನ್ನು ಇಂಗ್ಲಿಷಿನಲ್ಲಿ ನಡುವೆ "ಎ" ಸೇರಿಸಿಯೂ ಬರೆಯುತ್ತಾರೆ, ಬಿಟ್ಟೂ ಬರೆಯುತ್ತಾರೆ. ಮುದ್ದೇಬಿಹಾಳದ ನೆರೆಯ ತಾಳಿಕೋಟೆಯನ್ನು ಹುಡುಕುವವನು 1565ರ ಯುದ್ಧವನ್ನು ದಾಟಿಕೊಂಡೇ ಊರು ಸೇರಬೇಕು. ಇಂಡಿಯ ಪಾಡಂತೂ ವಿನೋದದ್ದು. ಇಂಗ್ಲಿಷಿನಲ್ಲಿ ಹುಡುಕಿದರೆ ಸ್ವತಂತ್ರ ಸಿನೆಮಾ, ಸ್ವತಂತ್ರ ಸಂಗೀತ. ಕನ್ನಡದಲ್ಲಿ ಹುಡುಕಿದರೆ 2023ರಲ್ಲಿ ಹುಟ್ಟಿದ ರಾಜಕೀಯ ಪಕ್ಷಗಳ ಕೂಟ! ಆದುದರಿಂದ ಪುಟದ ತಲೆಬರಹದಲ್ಲಿಯೇ ಊರು, ತಾಲೂಕು, ಜಿಲ್ಲೆಗಳನ್ನು ಕಾಣಿಸಿ, ಒಳಗೆ ಒಂದೆಡೆ ಬಿಜಾಪುರವೆಂಬ ಹಳೆಯ ಹೆಸರನ್ನೂ ಬರೆದೆವು.

ಒಂದೇ ಪದವುಳ್ಳ ಸಾವಿರ ಪುಟಗಳಲ್ಲಿ ಮುಂದಿನದು ಯಾವುದೆಂದು ನಿರ್ಣಯಿಸುವ ಬಗೆ ಹೇಗೆ? 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಇದಕ್ಕೊಂದು ಉಪಾಯವನ್ನು ಪ್ರಕಟಿಸಿದರು. ಒಂದು ಪುಟ ಇನ್ನೊಂದಕ್ಕೆ ಕೊಂಡಿ ಕೊಟ್ಟರೆ ಅದು ಸಾಕ್ಷಿ ನುಡಿದಂತೆ. ಸಾಕ್ಷಿಯ ತೂಕವಾದರೋ ಸಾಕ್ಷಿದಾರನ ಯೋಗ್ಯತೆಯಂತೆ. ಪ್ರಾಧ್ಯಾಪಕರು ತಮ್ಮ ಪ್ರಬಂಧಗಳಲ್ಲಿ ಹಿಂದಿನ ವಿದ್ವಾಂಸರನ್ನು ಉಲ್ಲೇಖಿಸುವ ಕ್ರಮವೇ ಇದಕ್ಕೆ ಮೂಲ. ಈಗ ಪುಟ ಬೇಗನೆ ತೆರೆಯುವುದೇ, ಮೊಬೈಲಿನಲ್ಲಿ ಓದಲು ಬರುವುದೇ ಮೊದಲಾದ ಇನ್ನೆಷ್ಟೋ ಪರೀಕ್ಷೆಗಳು ಕೂಡಿಕೊಂಡಿವೆ.

ಪರೀಕ್ಷೆ ಇದ್ದಲ್ಲಿ ನಕಲೂ ಇರುತ್ತದೆ. ಆ ಗೃಹಸ್ಥನು ಪುಟದ ಕೆಳಗೆ ಬಿಳಿಯ ಮೇಲೆ ಬಿಳಿಯ ಅಕ್ಷರಗಳಲ್ಲಿ "ಲೆಮನ್, ಲೆಮನ್" ಎಂದು ನೂರಾರು ಸಲ ಬರೆದಿದ್ದನು! ಇಂಥ ಮರೆಯ ಬರಹ ಸಿಕ್ಕಿಬಿದ್ದರೆ ಪುಟ ಕೆಳಗಿಳಿಯುತ್ತದೆ. ಪುಟದ ಒಡಲಲ್ಲಿ ಬಚ್ಚಿಟ್ಟ ಮುಖ್ಯಪದಗಳ ಪಟ್ಟಿಯನ್ನು ಸ್ಥಾನ ನಿರ್ಣಯಕ್ಕೆ ತಾವು ಗಣಿಸುವುದಿಲ್ಲವೆಂದು ಗೂಗಲ್ಲಿನವರು 2009ರಲ್ಲಿಯೇ ಸಾರಿದ್ದಾರೆ. ಕೊಂಡು ತಂದ ಸುಳ್ಳು ಸಾಕ್ಷಿಗಳ ಮೇಲೆ 2012ರಿಂದ ಬಿಗಿಯಾದ ಕಣ್ಣಿಟ್ಟಿದ್ದಾರೆ. "ಪ್ರಾಯೋಜಿತ" ಎಂಬ ಪಟ್ಟಿ ಹಚ್ಚಿದ ಜಾಹೀರಾತಿನ ಸಾಲುಗಳು ದುಡ್ಡಿಗೆ ಸಿಗುತ್ತವೆ. ಅವುಗಳ ಕೆಳಗಿನ ಸಾಲುಗಳಲ್ಲಿ ಮೊದಲ ಸ್ಥಾನದ ಖಾತ್ರಿಯನ್ನು ಯಾರೂ ಮಾರಲಾರರು.

ಆ ಬಿಳಿಯ ಸಾಲುಗಳನ್ನು ಅಳಿಸಿದ ಮೇಲೆ ಉಳಿದ ಜಾಗದಲ್ಲಿ ಏನು ಬರೆಯಬೇಕು? ಮಾವನವರನ್ನೇ ಕೂಡ್ರಿಸಿಕೊಂಡು ಕೇಳಿದೆವು. ಮಳೆಗಾಳಿಯಲ್ಲಿ ಕಜ್ಜಿ ರೋಗವೇಕೆ ಹಬ್ಬುತ್ತದೆ, ರಂಗೋಲಿ ಹುಳು ಕೊರೆದ ಗಾಯದಿಂದ ಅದು ಎಲೆಯ ಒಳಗೆ ಹೇಗೆ ಹೊಗುತ್ತದೆ, ಅಗಿ ಕೊಳ್ಳುವವನು ಎಲೆಯ ಹಿಂಬದಿಯನ್ನು ಏಕೆ ತಿರುಗಿಸಿ ನೋಡಬೇಕು ಎಂದೆಲ್ಲ ಅವರು ಹೇಳಿದಂತೆ ಬರೆದುಕೊಂಡೆವು. ಇದು ಬೇರೆ ಯಾವ ಪುಟದಲ್ಲಿಯೂ ಅವರ ಮಾತಿನಲ್ಲಿ ಇರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ರೈತರೊಬ್ಬರು ತಮ್ಮ ತಾಣದಿಂದ ಇದಕ್ಕೆ ಕೊಂಡಿ ಕೊಟ್ಟರು. ನಮಗೆ ದೊರೆತ ಮೊದಲ ಸಾಕ್ಷಿ ಅದು.

ಕಳೆದ ಮಾರ್ಚಿನಲ್ಲಿ "ಇಂಡಿ ಲಿಂಬಿ ಅಗಿ" ಎಂದು ಹುಡುಕಿದಾಗ ಮಾವನವರ ಪುಟ ಏಳನೆಯದಾಗಿ ಕಂಡಿತು. ಸಿಂದಗಿಯ ಕಡೆಯಿಂದ ಇಬ್ಬರು, ಮುದ್ದೇಬಿಹಾಳದಿಂದ ಒಬ್ಬರು ಫೋನು ಮಾಡಿದರು. ಬಸವನ ಬಾಗೇವಾಡಿಯ ಇನ್ನೊಬ್ಬರಿಗೆ ಅಗಿ ಬೇಕಾಗಿರಲಿಲ್ಲ. ತಮ್ಮ ಗಿಡಗಳಿಗೆ ಹತ್ತಿದ ಕಜ್ಜಿಯ ಬಗ್ಗೆ ಕೇಳಬೇಕಾಗಿತ್ತು. ಮಾವನವರು ಊಟ ಬಿಟ್ಟು ಅವರೊಡನೆ ಅರ್ಧ ತಾಸು ಮಾತನಾಡಿದರು.