ಬೆನ್ನೆಲುಬಿಲ್ಲದ ನೆಂಟ

ಕಡಲಲ್ಲಿ ನಮಗೊಂದು ಜೀವಿಯ ನೆಂಟಸ್ತಿಕೆಯಿದೆ. ಆ ಜೀವಿಯ ಹೆಸರು ಅಪೆಂಡಿಕ್ಯುಲೇರಿಯನ್. ಹೆಚ್ಚಿನವು ಕೆಲವೇ ಮಿಲಿಮೀಟರ್ ಉದ್ದ. ಗಾಜಿನಷ್ಟು ಪಾರದರ್ಶಕ ಮೈ, ಬಡಿಯುತ್ತಲೇ ಇರುವ ಬಾಲ. ಜಗತ್ತಿನ ಸಾಗರಗಳಲ್ಲೆಲ್ಲ ಇರುವ ಇದು ಯಾರ ಪೈಕಿ ಎಂದು ಗೊತ್ತಾಗಲು ದಶಕಗಳೇ ಹಿಡಿದವು.

‘ರೂರಿಕ್’ ಎಂಬ ರಷ್ಯದ ಹಡಗಿನಲ್ಲಿ ಲೋಕ ಸುತ್ತಿದ ಜರ್ಮನ್ ಕವಿ, ನಿಸರ್ಗತಜ್ಞ ಶಾಮಿಸ್ಸೊ 1821ರಲ್ಲಿ ಇದನ್ನು ವಿವರಿಸಿ ಜೆಲ್ಲಿಮೀನುಗಳ ಸಾಲಿಗೆ ಸೇರಿಸಿದರು. ಆಮೇಲೆ ಕೆಲವರು ಮೃದ್ವಂಗಿ ಎಂದರು. ಇದು ಟ್ಯೂನಿಕೇಟ್ ಬಳಗದ್ದೆಂದು 1851ರಲ್ಲಿ ತೋರಿಸಿಕೊಟ್ಟವರು ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿ. ಬಂಡೆಗೆ ಅಂಟಿ ಬದುಕುವ ಸೀ ಸ್ಕ್ವರ್ಟ್‌ಗಳೂ ಅದೇ ಬಳಗದವು. ಅವುಗಳ ಮರಿಗೆ ಬಾಲವಿರುತ್ತದೆ, ಬಂಡೆ ಹಿಡಿದ ಮೇಲೆ ಕರಗಿಹೋಗುತ್ತದೆ. ಅಪೆಂಡಿಕ್ಯುಲೇರಿಯನ್ ಮಾತ್ರ ಬಾಲವನ್ನು ಕೊನೆಯವರೆಗೂ ಉಳಿಸಿಕೊಳ್ಳುತ್ತದೆ.

ನೆಂಟಸ್ತಿಕೆಯ ಗುರುತಿರುವುದು ಆ ಬಾಲದಲ್ಲೇ. ಅದರೊಳಗಿನ ನೋಟೋಕಾರ್ಡ್ ಎಂಬ ದಂಡ ಮನುಷ್ಯ ಭ್ರೂಣದಲ್ಲೂ ಮೂಡುತ್ತದೆ. ಬೆನ್ನೆಲುಬು ರೂಪುಗೊಳ್ಳುವುದು ಅದರ ಸುತ್ತ. 1866ರಲ್ಲಿ ರಷ್ಯದ ಜೀವವಿಜ್ಞಾನಿ ಕೊವಲೆವ್ಸ್ಕಿ ಸೀ ಸ್ಕ್ವರ್ಟ್ ಮರಿಗಳಲ್ಲಿ ಇದನ್ನು ಗುರುತಿಸಿದ ಮೇಲೆ ಟ್ಯೂನಿಕೇಟ್‌ಗಳಿಗೆ ಕಾರ್ಡೇಟಾ ವಂಶದಲ್ಲಿ ಸ್ಥಾನ ಸಿಕ್ಕಿತು. 2006ರಲ್ಲಿ ಜೀನ್‌ಗಳನ್ನು ಹೋಲಿಸಿದಾಗ ಮತ್ತೊಂದು ಅಚ್ಚರಿ: ನೋಡಲು ಮೀನಿನಂತಿರುವ ಆಂಫಿಯಾಕ್ಸಸ್‌ಗಿಂತ ಟ್ಯೂನಿಕೇಟ್‌ಗಳೇ ಕಶೇರುಕಗಳಿಗೆ ಹತ್ತಿರ.

ಈಗ ಅಪೆಂಡಿಕ್ಯುಲೇರಿಯಾ ಒಂದು ಪ್ರತ್ಯೇಕ ವರ್ಗ. ಮೂರು ಕುಟುಂಬ, ಸುಮಾರು 70 ಪ್ರಭೇದ. ಪ್ರಯೋಗಾಲಯಗಳಲ್ಲಿ ಹೆಚ್ಚು ಸಾಕುವುದು ಓಯಿಕೋಪ್ಲೂರಾ ಡಯೋಯಿಕಾವನ್ನು. ಬೆಚ್ಚನೆಯ ನೀರಿನಲ್ಲಿ ಅದರ ಇಡೀ ಆಯುಷ್ಯ ಒಂದು ವಾರವೂ ಇಲ್ಲ. 2010ರಲ್ಲಿ ಪ್ರಕಟವಾದ ಅದರ ಜೀನೋಮ್‌ನ ಗಾತ್ರ ಸುಮಾರು 7 ಕೋಟಿ ಅಕ್ಷರ, ನಮ್ಮದು 300 ಕೋಟಿ. ಆದರೂ ಅದರಲ್ಲಿ 18 ಸಾವಿರದಷ್ಟು ಜೀನ್‌ಗಳಿವೆ, ಹೆಚ್ಚುಕಡಿಮೆ ನಮ್ಮಷ್ಟೇ.

ಇದರ ಬದುಕೂ ಬೆರಗಿನದು. ಮೈಯಿಂದ ಸ್ರವಿಸಿದ ಸೆಲ್ಯುಲೋಸ್ ಮತ್ತು ಪ್ರೋಟೀನ್‌ಗಳಿಂದ ಸುತ್ತಲೂ ಲೋಳೆಯ ಮನೆ ಕಟ್ಟಿಕೊಂಡು, ಬಾಲ ಬಡಿದು ಒಳಗೆ ನೀರು ಹರಿಸಿ, ಸೂಕ್ಷ್ಮ ಪಾಚಿಗಳನ್ನು ಸೋಸಿ ತಿನ್ನುತ್ತದೆ. ಮನೆಯೊಳಗಿನ ಸೋಸುವ ಜಾಲರಿ ಮುಚ್ಚಿಹೋದರೆ ಆ ಮನೆ ತೊರೆದು ಇನ್ನೊಂದನ್ನು ಉಬ್ಬಿಸುತ್ತದೆ. ದಿನಕ್ಕೆ ಹಲವು ಬಾರಿ ಇದೇ ಕೆಲಸ. ಬಿಟ್ಟುಹೋದ ಮನೆಗಳು ಮುಳುಗಿ, ಆಳದ ಜೀವಿಗಳಿಗೆ ಆಹಾರವನ್ನೂ ತಳಕ್ಕೆ ಇಂಗಾಲವನ್ನೂ ಒಯ್ಯುತ್ತವೆ. ಕ್ಯಾಲಿಫೋರ್ನಿಯದ ಮಾಂಟೆರೆ ಕೊಲ್ಲಿಯಲ್ಲಿ ಬಾಥೋಕಾರ್ಡಿಯಸ್ ಎಂಬ ದೈತ್ಯ ಪ್ರಭೇದಗಳ ಮನೆ ಒಂದು ಮೀಟರ್‌ವರೆಗೂ ಹರಡುತ್ತದೆ.

ಇತ್ತೀಚಿನ ವಿಶ್ಲೇಷಣೆಗಳ ಪ್ರಕಾರ, ಟ್ಯೂನಿಕೇಟ್ ವಂಶವೃಕ್ಷದಲ್ಲಿ ಮೊದಲು ಕವಲೊಡೆದದ್ದು ಈ ವರ್ಗವೇ. ಹಾಗಾದರೆ ಆ ಬಳಗದ ಮೂಲಜೀವಿ ಈಜುತ್ತಿತ್ತೇ, ಬಂಡೆ ಹಿಡಿದು ಕೂತಿತ್ತೇ? ವರ್ಗೀಕರಣವೆಂದರೆ ಹೆಸರಿಟ್ಟು ಕಪಾಟಿನಲ್ಲಿಡುವ ಕೆಲಸವಲ್ಲ; ಬೆನ್ನೆಲುಬು ಮೂಡುವ ಮೊದಲು ನಮ್ಮ ಪೂರ್ವಜರು ಹೇಗೆ ಬದುಕಿದ್ದರೆಂದು ಕೇಳಲು ನಮಗಿರುವ ದಾರಿ ಅದು.