ಹೊಸ ಹೆಸರು ಯಾರಿಗೆಲ್ಲ ಗೊತ್ತಾಗಬೇಕು?

ವಾಷಿಂಗ್ಟನ್ ಡಿ.ಸಿ.ಯಿಂದ ಅಟ್ಲಾಂಟಾಕ್ಕೆ ಕಾರಿನಲ್ಲಿ ಹತ್ತು ಗಂಟೆಯ ಹಾದಿ. ನಡುವೆ ವರ್ಜೀನಿಯಾ, ಎರಡೂ ಕ್ಯಾರೊಲಿನಾಗಳು. ಹಬ್ಬಕ್ಕೆ, ನೆಂಟರ ಮನೆಗೆ ಎಂದು ನಾವು ಈ ದಾರಿಯಲ್ಲಿ ಓಡಾಡುತ್ತಲೇ ಇರುತ್ತೇವೆ. ಟ್ರಾನ್ಸ್‌ಜೆಂಡರ್ ಮಕ್ಕಳಿರುವ ಕನ್ನಡದ ಮನೆಗಳೂ ನಮ್ಮ ನಡುವೆ ಇವೆ. 'ಅಮೆರಿಕದಲ್ಲಿ ಇದಕ್ಕೆಲ್ಲ ತೊಂದರೆ ಇಲ್ಲವಂತೆ' ಎಂದು ಊರಿನವರು ಸಮಾಧಾನಪಟ್ಟುಕೊಳ್ಳುತ್ತಾರೆ. ಆದರೆ ತೊಂದರೆ ಇದೆಯೋ ಇಲ್ಲವೋ ಎಂಬುದು ಯಾವ ರಾಜ್ಯದಲ್ಲಿದ್ದೀರಿ ಎಂಬುದರ ಮೇಲೆ ನಿಂತಿದೆ.

ಡಿ.ಸಿ.ಯ ಮಾನವ ಹಕ್ಕು ಕಾಯ್ದೆ 2006ರಿಂದಲೇ ಟ್ರಾನ್ಸ್‌ಜೆಂಡರ್ ಜನರನ್ನು ಹೆಸರಿಸಿ ರಕ್ಷಣೆ ಕೊಟ್ಟಿದೆ. ಮೇರಿಲ್ಯಾಂಡ್ 2014ರಲ್ಲಿ, ವರ್ಜೀನಿಯಾ 2020ರಲ್ಲಿ ಅದೇ ದಾರಿ ಹಿಡಿದವು. ಗಡಿ ದಾಟಿದರೆ ಕಥೆ ಬೇರೆ. 2016ರಲ್ಲಿ ಷಾರ್ಲೆಟ್ ನಗರಸಭೆ ಇಂಥದೇ ನಿಯಮ ಮಾಡಿದಾಗ ನಾರ್ತ್ ಕ್ಯಾರೊಲಿನಾ ಶಾಸನಸಭೆ ಅದನ್ನು ರದ್ದುಮಾಡಿ, ಸರ್ಕಾರಿ ಕಟ್ಟಡಗಳಲ್ಲಿ ಜನನ ಪ್ರಮಾಣಪತ್ರದ ಪ್ರಕಾರವೇ ಶೌಚಾಲಯ ಬಳಸಬೇಕೆಂದಿತು. ಪೇಪಾಲ್ ಕಂಪನಿ ಅಲ್ಲಿ 400 ಉದ್ಯೋಗಗಳ ಯೋಜನೆ ಕೈಬಿಟ್ಟಿತು. ಮರುವರ್ಷ ಶೌಚಾಲಯದ ನಿಯಮ ವಾಪಸಾಯಿತು. ಲೆಕ್ಕದ ಭಾಷೆ ಸರ್ಕಾರಗಳಿಗೆ ಬೇಗ ಅರ್ಥವಾಗುತ್ತದೆ!

ನೌಕರಿಯ ವಿಷಯದಲ್ಲಿ ಮಾತ್ರ ಇಡೀ ದೇಶಕ್ಕೆ ಒಂದು ಆಸರೆ ಇದೆ. ಅಟ್ಲಾಂಟಾ ಪಕ್ಕದ ಕ್ಲೇಟನ್ ಕೌಂಟಿಯ ಪ್ರಕರಣದಲ್ಲಿ, 2020ರ ಜೂನ್‌ನಲ್ಲಿ, ಟ್ರಾನ್ಸ್‌ಜೆಂಡರ್ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಕನಿಷ್ಠ 15 ನೌಕರರಿರುವ ಸಂಸ್ಥೆಗಳಿಗೆ ಇದು ಅನ್ವಯ.

ಲೆಕ್ಕಪತ್ರದ ಕೆಲಸದಲ್ಲಿರುವ ನಮಗೆ ಇದಕ್ಕಿಂತ ಹೆಚ್ಚು ಕಣ್ಣಿಗೆ ಬೀಳುವುದು ಕಾಗದಪತ್ರ. ವ್ಯಕ್ತಿ ಬಾಯಿ ಬಿಡುವ ಮೊದಲೇ ಕಾಗದ ಹೇಳಿಬಿಡುತ್ತದೆ. ಜಾರ್ಜಿಯಾದಲ್ಲಿ ಹೆಸರು ಬದಲಿಸಲು ನ್ಯಾಯಾಲಯಕ್ಕೆ ಅರ್ಜಿ ಹಾಕಿದರೆ ಕೌಂಟಿಯ ಪತ್ರಿಕೆಯಲ್ಲಿ ನಾಲ್ಕು ವಾರ ಪ್ರಕಟಣೆ ಕೊಡಬೇಕು. ಆಫೀಸಿನಲ್ಲಿ ಎಲ್ಲರೂ ಹೊಸ ಹೆಸರಲ್ಲಿ ಕರೆದರೂ ವರ್ಷಾಂತ್ಯದ ಡಬ್ಲ್ಯು-2 ತೆರಿಗೆ ಪತ್ರ ಸೋಷಿಯಲ್ ಸೆಕ್ಯುರಿಟಿ ಕಾರ್ಡಿನ ಹೆಸರಲ್ಲೇ ಬರುತ್ತದೆ. ಹಾಗಾಗಿ ಸಂಬಳ ವಿಭಾಗದಲ್ಲಿ ಹಳೆಯ ಹೆಸರನ್ನು ಯಾರು ಯಾರು ನೋಡುತ್ತಾರೆ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ನಮ್ಮ ಪ್ಯಾನ್ ಅರ್ಜಿಯಲ್ಲಿ 2018ರಿಂದ ಟ್ರಾನ್ಸ್‌ಜೆಂಡರ್ ಎಂಬ ಆಯ್ಕೆ ಇದೆ. ಅಮೆರಿಕನ್ ಪಾಸ್‌ಪೋರ್ಟಿಗೆ ಮಾತ್ರ 2025ರ ಜನವರಿಯ ಅಧ್ಯಕ್ಷರ ಆದೇಶ ಹುಟ್ಟಿನ ಲಿಂಗವನ್ನೇ ನಮೂದಿಸಲು ಹೇಳಿದೆ. ಮುಖ ಒಂದು, ಕಾಗದ ಇನ್ನೊಂದು ಆದಾಗ ವಿಮಾನ ನಿಲ್ದಾಣದಲ್ಲಿ ಪ್ರಶ್ನೆಗಳು ಏಳುವುದು ಸಹಜ.

ಇನ್ನು ಊರಿನ ಮನೆಯವರ ಪಾಲು. ಮಂಜಮ್ಮ ಜೋಗತಿ ಅವರಿಗೆ ಪದ್ಮಶ್ರೀ ಬಂದಾಗ ಚಪ್ಪಾಳೆ ತಟ್ಟಿದವರೇ ಸ್ವಂತ ಮನೆಯ ಮಾತು ಬಂದರೆ ದನಿ ತಗ್ಗಿಸುತ್ತಾರೆ. ಇನ್ನು ಕೆಲವರು ಪ್ರೀತಿಯಿಂದಲೇ ಫೋಟೊವನ್ನು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಅಲ್ಲಿಂದ ಅದು ಇಲ್ಲಿನ ಕನ್ನಡ ಕೂಟಕ್ಕೆ, ಕೂಟದಿಂದ ಸಹೋದ್ಯೋಗಿಯ ಮೊಬೈಲಿಗೆ ತಲುಪಲು ಒಂದು ಸಂಜೆ ಸಾಕು. ಆಫೀಸಿನಲ್ಲಿ ಇನ್ನೂ ಹೇಳಿಕೊಳ್ಳದವರಿಗೆ ಅದರಿಂದ ಆಗುವ ಪೆಟ್ಟನ್ನು ಯಾವ ಕೋರ್ಟೂ ತಡೆಯಲಾರದು. ಫೋನ್ ಮಾಡಿದಾಗ 'ಅಜ್ಜಿಗೆ ಹೇಳಲೇ? ಚಿಕ್ಕಪ್ಪನಿಗೆ? ಯಾವ ಹೆಸರಿನಲ್ಲಿ ಕರೆಯಲಿ?' ಎಂದು ಕೇಳಿ.

ಡಿ.ಸಿ.ಯಲ್ಲಿ ಖುಷ್ ಡಿಸಿ, ಅಟ್ಲಾಂಟಾದಲ್ಲಿ ತ್ರಿಕೋನ್ ಎಂಬ ದಕ್ಷಿಣ ಏಷ್ಯಾದವರ ಗುಂಪುಗಳಿವೆ. ತಂದೆತಾಯಿಗಳಿಗೆ ದೇಸಿ ರೇನ್‌ಬೋ ಇದೆ. ಮನಸ್ಸು ತೀರಾ ಕುಸಿದಾಗ ಅಮೆರಿಕದ ಯಾವ ಮೂಲೆಯಿಂದಲೂ 988ಕ್ಕೆ ಕರೆ ಮಾಡಬಹುದು, ಹಗಲಾಗಲಿ ರಾತ್ರಿಯಾಗಲಿ.